ಇಂಡಿಕೇಟರಿನ ಅವಸರ

ದೊಡ್ಡಬಳ್ಳಾಪುರದ ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ನನ್ನ ಸ್ಕೂಟರಿನ ಬ್ಯಾಟರಿ ಚಾರ್ಜ್ ಆಗಲೆಂದು ಕೂತಿದ್ದೆ. ಪಕ್ಕದ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದ ಮಗಳು, ಬಾಗಿಲ ಬಳಿ ಅಂಗಡಿಯ ಕಾಂತರಾಜು ಜೊತೆ ಮಾತಾಡುತ್ತ ನಿಂತ ತಂದೆ.

“ಕಾಂತರಾಜು, ಎಲ್‌ಇಡಿ ಬಲ್ಬ್ ಹಾಕಿದ್ಮೇಲೆ ಇಂಡಿಕೇಟರ್ ಬೇಗ ಬೇಗ ಟಿಕ್ ಟಿಕ್ ಅಂತ ಓಡ್ತಾ ಇದೆಯಲ್ಲಪ್ಪಾ.”

“ಅದು ಕರೆಂಟ್ ಕಮ್ಮಿ ಎಳೆಯುತ್ತೆ ಸಾಹೇಬ್ರೆ, ಅದಕ್ಕೆ. ಟಿಕ್ ಟಿಕ್ ಮಾಡಿಸೋ ರಿಲೇ ಬೇರೆ ಹಾಕಿದ್ರೆ ಸರಿಹೋಗುತ್ತೆ. ನಾಳೆ ತರಿಸ್ತೀನಿ.”

“ಹಂಗಾದ್ರೆ ಹಳೇ ಬಲ್ಬೇ ಹಾಕ್ಬಿಡು.”

“ಬೇಡ ಅಬ್ಬಾ. ದಾಬಸ್‌ಪೇಟೆ ರಸ್ತೆ ಲಾರಿಯವರಿಗೆ ನನ್ನ ಇಂಡಿಕೇಟರ್ ಚೆನ್ನಾಗಿ ಕಾಣ್ಲಿ ಅಂತ ನೀವೇ ತಾನೆ ಹಾಕ್ಸಿದ್ದು.”

“ನಾಲ್ಕು ಟಿಕ್ ಆಗೋಷ್ಟರಲ್ಲಿ ಬಿಸ್ಮಿಲ್ಲಾ ಪೂರ್ತಿ ಹೇಳು, ಆಮೇಲೆ ತಿರುಗ್ಸು ಅಂತ ಕಲಿಸಿದ್ದೆ. ಈಗ ನಾಲ್ಕು ಟಿಕ್ ಕಣ್ಮುಚ್ಚಿ ತೆಗೆಯೋದ್ರೊಳಗೆ ಮುಗಿದ್ಹೋಗುತ್ತೆ ತಂಜೀಲಾ. ಮೊದಲ್ನೇ ಸಲ ಒಬ್ಳೇ ಕೆಲಸಕ್ಕೆ ಹೋಗ್ತಾ ಇದ್ದೀಯ.”

“ನಾನ್ಯಾವತ್ತು ಟಿಕ್ ಎಣಿಸಿದ್ದೆ? ಪಕ್ಕದಲ್ಲಿ ನೀವು ಹೇಳಿ ಮುಗಿಸೋದನ್ನ ಕೇಳ್ಕೊಂಡು ತಿರುಗಿಸ್ತಿದ್ದೆ.”

“ಇವತ್ತು?”

“ನಾನೇ ಹೇಳ್ಕೋತೀನಿ. ನಿಮ್ಮಷ್ಟೇ ನಿಧಾನವಾಗಿ.”

ತಂದೆ ಬಾಗಿಲು ಹಾಕಿದರು. ಕಾರು ರಸ್ತೆಯಂಚಿಗೆ ಹೋಗಿ ನಿಂತಿತು. ಇಂಡಿಕೇಟರ್ ಅವಸರ ಮಾಡುತ್ತಲೇ ಇತ್ತು. ರಸ್ತೆ ಖಾಲಿಯಿದ್ದರೂ ಕಾರು ಕದಲಲಿಲ್ಲ. ಅಂಗಡಿಯ ಮುಂದೆ ತಂದೆಯ ತುಟಿಗಳು ಅಲುಗಿ ನಿಂತವು. ಆಗ ಕಾರು ತಿರುಗಿತು.