ಗುರಿ ತಪ್ಪುವ ರೈಫಲ್ ಬೇಕಾಗಿದೆ

ಸ್ಪರ್ಧೆಗೆ ಹೆಸರು ಕೊಡಲು ಹೋದ ಕಸಗುಡಿಸುವ ಅಕ್ಕನ ಅರ್ಜಿಯನ್ನು ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ನಾಲ್ಕು ಚೂರು ಮಾಡಿ ನೆಲಕ್ಕೆ ಬಿಟ್ಟ. ಆ ಚೂರುಗಳನ್ನು ಅವಳ ಕೈಯಿಂದಲೇ ಗುಡಿಸಿ ತೆಗೆಸಿದ. ಸ್ವಂತ ರೈಫಲ್ ಇದ್ದವರಿಗೆ ಮಾತ್ರ ಪ್ರವೇಶ ಎಂದ. ಹೆಸರು ಕೊಡಲು ಅಂದು ಸಂಜೆ ಐದು ಗಂಟೆಯೇ ಕೊನೆ. ಅವನು ಊಟಕ್ಕೆ ಹೋದದ್ದೇ ತಡ, ಹನ್ನೊಂದು ವರ್ಷದಿಂದ ದಿನಾ ಒರೆಸುತ್ತಿದ್ದ ಕಚೇರಿಯ ಫೋನನ್ನು ಅಕ್ಕ ಮೊದಲ ಸಲ ಎತ್ತಿ ಕಿವಿಗಿಟ್ಟುಕೊಂಡಳು.

“ಹಲೋ... ಯಾರು ಮಾತಾಡ್ತಿರೋದು? ಏರ್ ರೈಫಲ್ ಅಂಗಡಿಯವ್ರಾ? ... ಹಾಂ, ಅಣ್ಣಾ, ನೀವೇ ಬೇಕಿತ್ತು.”

“ಒಂದು ರೈಫಲ್ ಬೇಕು. ಮೇಲೊಂದು ದುರ್ಬೀನೂ... ಹಾಂ, ಸ್ಕೋಪು. ಅದೇ, ಅದೇ. ಹೊಸದಾಗಿ ಕಲಿಯೋರಿಗೆ. ಕೈಗೆ ಎಟುಕೋ ರೇಟಿನದ್ದು.”

“ಯಾರಿಗಾ? ನಮ್ಮನೇಲೇ ಒಬ್ರಿಗೆ... ಮಗನಿಗಲ್ಲ... ತಮ್ಮನಿಗೂ ಅಲ್ಲ... ಅಯ್ಯೋ, ಗಂಡನ ಕೈಗೆ ರೈಫಲ್ ಕೊಟ್ಟು ನಾನೆಲ್ಲಿಗೆ ಓಡ್ಲಿ? ... ನಗಬೇಡಿ ಅಣ್ಣಾ. ವಯಸ್ಸು ನಲವತ್ತೇಳು ಅಂತಿಟ್ಕೊಳ್ಳಿ. ಸೂಜಿಗೆ ದಾರ ಪೋಣಿಸೋವಷ್ಟು ಕಣ್ಣಿದೆ.”

ಆ ಕಡೆಯವನು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಉದ್ದದ ಸ್ಕೋಪಿನ ಗುಣಗಾನಕ್ಕೆ ಶುರುಹಚ್ಚಿಕೊಂಡ. ಅಕ್ಕ ಫೋನನ್ನು ಕಿವಿಯಿಂದ ಅರ್ಧ ಗೇಣು ದೂರ ಹಿಡಿದಳು.

“ಹದಿನಾರು ಪಟ್ಟು ದೊಡ್ಡದಾಗಿ ಕಾಣುತ್ತಾ? ಅಬ್ಬಬ್ಬಾ! ... ಅಲ್ಲಾ ಅಣ್ಣಾ, ಗುರಿ ಅಷ್ಟು ದೊಡ್ಡದಾದ್ರೆ ಕೈನಡುಕಾನೂ ಹದಿನಾರು ಪಟ್ಟು ಆಗಲ್ವಾ? ... ಸುಮ್ನೆ ಕೇಳ್ದೆ. ಯಾರೋ ಅಂತಿದ್ರು... ನಮಗೇನು ಗೊತ್ತಾಗುತ್ತೆ ಬಿಡಿ. ಕಲಿಯೋರಿಗೆ ನಾಕು ಪಟ್ಟಿನದ್ದೇ ಸಾಕು.”

“ಹೌದು, ಸ್ಪ್ರಿಂಗಿನ ರೈಫಲ್ಲೇ. ಸಿಲಿಂಡರಿಗೆ ಗಾಳಿ ತುಂಬಿಸ್ಕೊಂಡು ಕೂರೋರು ಯಾರು? ... ಏನೂ, ಆ ಉದ್ದದ ಸ್ಕೋಪು ಸ್ಪ್ರಿಂಗಿನ ಒದೆತಕ್ಕೂ ಜಗ್ಗಲ್ವಾ? ಹಿಂದಕ್ಕೊಂದ್ಸಲ ಒದ್ದು ಮುಂದಕ್ಕೊಂದ್ಸಲ ಒದೆಯುತ್ತಲ್ಲ ಅದು... ಹಾಗಿದ್ರೆ ಒಡೆಯಲ್ಲ ಅಂತ ಬರೆದುಕೊಡಿ... ಬರೆಯಲ್ವಾ? ಮತ್ತೆ!”

“ಅಣ್ಣಾ, ಯಾರಾದ್ರೂ ಬೇಡ ಅಂತ ವಾಪಸ್ ಕೊಟ್ಟಿದ್ದು ಮೂಲೇಲಿ ಬಿದ್ದಿಲ್ವಾ? ... ಇದೆಯಾ? ಔಷಧಿ ಅಂಗಡಿಯವ್ರದ್ದಾ? ಸ್ಕೋಪಿನ ಸಮೇತಾನಾ? ಯಾಕಂತೆ ಪಾಪ?”

“ಗುರಿ ತಪ್ಪುತ್ತಾ! ಒಂದೂ ನಡುವಿಗೆ ಬೀಳಲ್ವಾ! ಎಲ್ಲಾ ಎಡಕ್ಕೆ, ಕೆಳಗೆ... ಛೆ ಛೆ ಛೆ.”

ಅಕ್ಕ ಒರೆಸುವ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು ನಗು ನುಂಗಿದಳು. ಔಷಧಿ ಅಂಗಡಿಯವನು ಇದೇ ಕ್ಲಬ್ಬಿನಲ್ಲಿ ಸಿಟ್ಟಿನಿಂದ ಮುದುಡಿ ಎಸೆದ ಗುರಿಹಾಳೆಗಳನ್ನೆಲ್ಲ ಎತ್ತಿದವಳು ಅವಳೇ. ಬಿಡಿಸಿ ನೋಡದೆ ಒಂದನ್ನೂ ಬುಟ್ಟಿಗೆ ಹಾಕಿದವಳಲ್ಲ. ಉಳಿದವರ ಹಾಳೆಗಳಲ್ಲಿ ತೂತುಗಳು ಚೆಲ್ಲಾಪಿಲ್ಲಿ. ಅವನದರಲ್ಲಿ ಐದಕ್ಕೆ ಐದೂ ಒಂದೇ ಕಡೆ, ಒಂದು ಅಂಗಿಗುಂಡಿ ಇಟ್ಟರೆ ಮುಚ್ಚಿಹೋಗುವಂತೆ. ಜಾಗ ಮಾತ್ರ ಎಡಕ್ಕೆ, ಕೆಳಗೆ. ರೈಫಲ್ಲಿಗೆ ಏನೂ ಆಗಿರಲಿಲ್ಲ. ಸ್ಕೋಪಿನ ಎರಡು ತಿರುಪುಗಳನ್ನು ಒಂದಿಷ್ಟು ತಿರುಗಿಸಿದ್ದರೆ ಐದೂ ನಡುವಿಗೆ ಬಂದು ಕೂರುತ್ತಿದ್ದವು. ತರಬೇತಿಯವರು ಅದನ್ನು ಪ್ರತಿ ಹೊಸ ತಂಡಕ್ಕೂ ಹೇಳುತ್ತಿದ್ದರು. ಕೇಳಿಸಿಕೊಂಡವಳು ಪೊರಕೆ ಹಿಡಿದು ಹಿಂದೆ ನಿಂತವಳು. ಆ ಮಹಾನುಭಾವ ತಿರುಪಿನ ಮುಚ್ಚಳವನ್ನೂ ತೆಗೆದಿರಲಿಲ್ಲ.

“ಅದನ್ನೇ ಕೊಡಿ ಅಣ್ಣಾ. ಕಲಿಯೋ ಕೈಗೆ ಯಾವುದಾದ್ರೇನು? ... ಪೂರ್ತಿ ರೇಟಾ? ಗುರಿ ತಪ್ಪೋದಕ್ಕಾ? ಈಗ ತಾನೇ ಅಂದ್ರಲ್ಲ, ಗುಬ್ಬಿ ಹೆದರಿಸೋಕೂ ಬರಲ್ಲ ಅಂತ... ಅರ್ಧ... ಹಾಂ, ಅರ್ಧ ಅಂದ್ರೆ ಅರ್ಧ. ನಿಮ್ಮ ಹೊಟ್ಟೆ ತಣ್ಣಗಿರಲಿ.”

“ನಿಮ್ಮ ವ್ಯಾನು ಇವತ್ತು ಕ್ಲಬ್ಬಿಗೆ ಗುಂಡಿನ ಡಬ್ಬ ತರುತ್ತಲ್ವಾ? ಅದ್ರಲ್ಲೇ ಹಾಕ್ಬಿಡಿ. ದುಡ್ಡು ಡ್ರೈವರಣ್ಣನ ಕೈಗೇ... ಹೌದು, ಕ್ಲಬ್ಬಿಂದಾನೇ ಮಾತಾಡ್ತಿರೋದು... ಇಲ್ಲಪ್ಪ, ಕಾರ್ಯದರ್ಶಿಗಳಿಗಲ್ಲ! ಬಿಲ್ಲು ನನ್ನ ಹೆಸರಿಗೇ ಆಗ್ಬೇಕು. ಬರ್ಕೊಳ್ಳಿ...”

ಅಕ್ಕ ಹೆಸರು ಹೇಳಿದಳು, ತಂದೆಯ ಹೆಸರೂ ಸೇರಿಸಿ. ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಕಾರ್ಯದರ್ಶಿ ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ನಿಂತಿದ್ದ.

“ಒಂದು ನಿಮಿಷ ಸಾರ್, ಬಿಲ್ಲು ಬರೀತಿದಾರೆ... ನಿಮಗಲ್ಲ ಅಣ್ಣಾ, ನೀವು ಬರೀರಿ. ಇಲ್ಲಿ ನಮ್ಮ ಸಾಹೇಬ್ರು ಬಂದ್ರು... ಹಾಂ, ಚೆನ್ನಾಗಿದಾರೆ. ಸ್ವಲ್ಪ ಕೆಂಪಗಾಗಿದಾರೆ... ಬಿಸಿಲಿಗಲ್ಲ.”

“ಏನ್ಸಾರ್? ರೈಫಲ್ಲು ಯಾರಿಗಾ? ನನಗೇ. ಸ್ವಂತದ್ದು ತಗೊಂಡು ಬಾ ಅಂದ್ರಲ್ಲ ನೀವು? ನಿಮ್ಮ ಮಾತು ಮೀರೋಕಾಗುತ್ತಾ?”

“ಹಲೋ, ಅಣ್ಣಾ... ಇದೀನಿ, ಇದೀನಿ. ಸಾಹೇಬ್ರು ನಿಮಗೊಂದು ಮಾತು ಹೇಳು ಅಂತಿದಾರೆ... ಏನಂತಾ? ರೈಫಲ್ಲು ಬೇಡ, ತಪ್ಪಾಗಿ ಫೋನ್ ಮಾಡ್ದೆ ಅಂತ ನಾನು ಹೇಳ್ಬೇಕಂತೆ...”

ಕಾರ್ಯದರ್ಶಿ ಮೇಜಿನಡಿಗೆ ಬಗ್ಗಿದ. ಹೊಟ್ಟೆ ಅಡ್ಡ ಬಂತು. ಮಂಡಿಯೂರಿ, ಗೋಡೆಯ ಬುಡದಲ್ಲಿದ್ದ ಫೋನಿನ ವೈರಿಗೆ ಕೈಚಾಚಿದ.

“ಅಣ್ಣಾ, ಬಿಲ್ಲು ಆಯ್ತಾ? ... ನಂಬರ್ರು? ... ಹಾಂ... ಹಾಂ... ವ್ಯಾನಿಗೆ ಹಾಕಿದ್ರಾ? ... ಹೊರಟೇಬಿಡ್ತಾ! ... ಸಾರ್, ಅಲ್ಲಿ ಜೇಡರ ಬಲೆ ಇದೆ, ಹುಷಾರು... ಹೇಳಲ್ಲ ಸಾರ್. ನೀವು ವೈರು ಕಿತ್ರೂ ಹೇಳಲ್ಲ, ಗೋಡೆ ಕಿತ್ರೂ ಹೇಳಲ್ಲ. ಬೇಡ ಅನ್ನೋ ಮಾತು ನನ್ನ ಬಾಯಲ್ಲಿ ಬರ...”