ಬಣ್ಣ ಕೂಗುವ ಹುಡುಗಿ

ಅಲ್ಲ ಕಮಲಿ, ಮೋರೆ ಹಾಗೆ ಕಿಟಕಿ ಕಡೆ ತಿರುಗಿಸ್ಕಂಡು ನಿತ್ರೆ ನಾ ಹೇಳಿದ್ದೆಲ್ಲ ಸುಳ್ಳಾಗ್ತದಾ? ಬೇಡ ಅಂದೆ, ಆತು, ಬೇಡ! ಕಠ್ಮಂಡು ಅಂದ್ರೆ ಎಂತ ಅಂತ ತಿಳ್ಕಂಡಿದ್ದೀ ನೀನು? ಬೆಳಿಗ್ಗೆ ಹೋಗಿ ಸಂಜೆ ಹೊಳನಗದ್ದೆಗೆ ವಾಪಸ್ಸು ಬರೂಕೆ ಅದೇನು ಕುಮಟೆ ಪೇಟೆಯಾ? ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು, ಆ ರೈಲು ಇಳಿದ್ರೆ ಮತ್ತೊಂದು ರೈಲು... ಮೇಲಿಂದ ಅಲ್ಲಿಯ ಚಳಿ! ನಮ್ಮ ಕಡಲ ಬದಿಯವರಿಗೆ ಆ ಚಳಿ ತಡೀತದಾ ಮಾರಾಯ್ತಿ?

ಎಂತಕ್ಕೆ ನಗಾಡ್ತೀ?

ನಗಾಡು, ನಗಾಡು. "ಸ್ಪರ್ಧೆಗೆ ಹೆಸರು ಕೊಟ್ಟವ್ರೇ ನೀವಲ್ದಾ ಮಾಸ್ತರ್ರೇ" ಅಂತ ಬಾಯಿಬಿಟ್ಟು ಕೇಳೂದೊಂದು ಬಾಕಿ. ಹೌದು, ನಾನೇ ಕೊಟ್ಟೆ. ಹೊನ್ನಾವರದಲ್ಲಿ ಆಯ್ಕೆ ಪರೀಕ್ಷೆ ಆದಾಗ ನಿನ್ನ ಕರ್ಕಂಡು ಹೋದವನೂ ನಾನೇ. ನೀ ಮೊದಲನೇ ನಂಬರು ಬಂದಾಗ ಮೀನು ಪೇಟೆಗೆ ಓಡಿ ನಿನ್ನ ಅವ್ವ ಈರಮ್ಮನಿಗೆ ಸುದ್ದಿ ಹೇಳಿದವನೂ ನಾನೇ. ಜನ್ಮದಲ್ಲಿ ಮೀನು ಪೇಟೆ ಮೆಟ್ಟಿದವನಲ್ಲ ಈ ಮಹಾಗಣಪತಿ ಮಾಸ್ತರು! "ನೇಪಾಳ, ಲಂಕೆ, ಬಾಂಗ್ಲಾದೇಶ, ಭೂತಾನು, ಅಷ್ಟೂ ಕಡೆ ಶಾಲೆ ಮಕ್ಕಳು ಬರ್ತಾರೆ, ಅವರ ಮಧ್ಯ ನಿಮ್ಮ ಕಮಲಿ ರಸಾಯನಶಾಸ್ತ್ರದ ಪ್ರಯೋಗ ಮಾಡ್ತಾಳೆ" ಅಂದೆ. ಆ ಹೆಂಗಸು ಬುಟ್ಟಿ ಬಿಟ್ಟು ಎದ್ದು ಅತ್ತಳು. ನಂಗೂ... ಹೋಗ್ಲಿ ಬಿಡು.

ಆಗಿನ ಮಾತು ಬೇರೆ. ಈಗ ಇನ್ಸ್‌ಪೆಕ್ಷನ್ ಬಂತಲ್ಲ! ಅದೂ ನೀ ಹೋಗೋ ವಾರವೇ ಬಂದು ಸಾಯ್ಬೇಕಾ? ಮೇಲಿನ ಸಾಹೇಬರು ಸೀದಾ ಲ್ಯಾಬಿಗೇ ಬರ್ತಾರಂತೆ. ಶಾಲೆಯ ಮರ್ಯಾದೆ ಪ್ರಶ್ನೆ ಕಮಲಿ, ನನ್ನದಲ್ಲ, ಶಾಲೆಯದು! ಆವತ್ತು ನೀನೇ ಇಲ್ದಿದ್ರೆ? ಉಳಿದವು ಎಂತ ಮಕ್ಕಳು ಹೇಳು. ಆ ಶುಕ್ರ ಪಿಪೆಟ್ಟು ಕೈಗೆ ಕೊಟ್ರೆ ಪೀಪಿ ಊದ್ತಾನೆ. ಮಂಜಿಯ ಹತ್ರ ಬಣ್ಣ ಯಾವ್ದು ಹೇಳು ಅಂದ್ರೆ "ಒಂಥರಾ ಹಾಗೆ ಕಾಣ್ತದೆ ಸರ್" ಅಂತಾಳೆ. ಒಂಥರಾ ಹಾಗೆ! ಅಂಥದೊಂದು ಬಣ್ಣ ಇದೆಯಾ ಪ್ರಪಂಚದಲ್ಲಿ?

ನನ್ನ ಲ್ಯಾಬಿನ ಶಿಸ್ತು ನಿಂಗೆ ಗೊತ್ತಿದ್ದದ್ದೇ. ಬಣ್ಣ ತಿರುಗಿದ ಕೂಡ್ಲೆ ಕೂಗಿ ಹೇಳ್ಬೇಕು, ಹಿಂದಿನ ಬೆಂಚಿಗೂ ಕೇಳ್ಬೇಕು. ನಾ ಈ ಶಾಲೆಗೆ ಬಂದಾಗಿನಿಂದ ನಡೆದು ಬಂದದ್ದು ಅದು. ಬೇರೆ ಶಾಲೆ ಮಾಸ್ತರುಗಳು ಬಂದು ನೋಡಿ ಹೊಗಳಿ ಹೋಗಿದ್ದಾರೆ. ಆದ್ರೆ ನಿನ್ನ ಹಾಗೆ ಯಾರೂ ಕೂಗಿದ್ದಿಲ್ಲ. "ಗುಲಾಬಿ!" ಅಂದ್ಯಾ, ಗುಲಾಬಿ. "ಹಸಿರು, ನೀಲಿ ಅಲ್ಲ!" ಅಂದ್ಯಾ, ಮುಗೀತು, ಕಣ್ಮುಚ್ಚಿ ಬರ್ಕಳ್ಬೋದು. ಪೇಟೆಯಲ್ಲಿ ಅವ್ವ ಬಂಗಡೆ ಮೀನು ಕೂಗಿ ಮಾರಿದ ಹಾಗೇ... ಅಯ್ಯೋ, ಸಿಟ್ಟು ಮಾಡ್ಕಳ್ಬೇಡ ತಂಗಿ, ಹೊಗಳಿದ್ದು ಅದು!

ಎಂತ ಹಾಗೆ ನೋಡ್ತೀ? ನನ್ನ ಮೋರೆ ಮೇಲೆ ಎಂತ ಬರ್ದಿದೆ?

ಆತು. ಬಿಚ್ಚಿ ಹೇಳ್ತೇನೆ, ಕೇಳು. ನೀ ತಯಾರಾಗಿಲ್ಲ. ಹೌದು, ತಯಾರಾಗಿಲ್ಲ! ಸಂಜೆ ಹೆಡ್‌ಮಾಸ್ತರು ನನ್ನ ಕೇಳ್ತಾರೆ, "ಹುಡುಗಿ ತಯಾರಾದಳಾ ಮಾಸ್ತರ್ರೇ, ಇಲ್ದಿದ್ರೆ ಎರಡನೇ ನಂಬರಿನ ಭಟ್ಕಳದ ಹುಡುಗ ಹೋಗ್ತಾನೆ" ಅಂತ. ನಾ ಎಂತ ಹೇಳ್ಲಿ? ಸುಳ್ಳು ಹೇಳ್ಲಾ? ಅವನೇ ಹೋಗಿ ಬರ್ಲಿ ಬಿಡು ಈ ಸಲ. ನಿಂಗೆ ಮುಂದಿನ ವರ್ಷ...

ಎಂತ?

ಹೌದು. ಮುಂದಿನ ವರ್ಷ ನೀ ಶಾಲೆಯಲ್ಲಿ ಇರೂದಿಲ್ಲ. ಗೊತ್ತು, ಗೊತ್ತು ನಂಗೆ. ಅಳ್ಬೇಡ. ಕಮಲಿ, ಅಳ್ಬೇಡ ಅಂದೆ!

ಮಾಡಿ ತೋರಿಸ್ತೀಯಾ? ಈಗ್ಲಾ?

ಈಗ ಬೇಡ... ಅಲ್ಲ, ಆತು, ತೋರಿಸು. ಒಂದೇ ಒಂದು ಟೈಟ್ರೇಶನ್ನು. ಸರಿ ಬಂದ್ರೆ ಹೋಗು, ತಪ್ಪಿದ್ರೆ ಬಾಯ್ಮುಚ್ಕಂಡು ಮನೆಗೆ. ಒಪ್ಪಿಗೆಯಾ? ಹೂಂ. ಫ್ಲಾಸ್ಕಿಗೆ ಆಮ್ಲ ಹಾಕು. ಹಾಂ. ಬ್ಯೂರೆಟ್ಟಿಗೆ ಕ್ಷಾರ ತುಂಬು. ನಾ ಇಲ್ಲೇ ನಿತ್ಕಂಡು ಬ್ಯೂರೆಟ್ಟಿನ ಗೆರೆ ನೋಡ್ತಿರ್ತೇನೆ, ನೀ ಫ್ಲಾಸ್ಕು ನೋಡ್ಕ. ಇಪ್ಪತ್ತರ ಗೆರೆಗೆ ಬಣ್ಣ ತಿರುಗ್ಬೇಕು, ಅಲ್ದಾ? ಯಾವತ್ತೂ ಅಲ್ಲೇ ತಿರುಗೂದು.

ಬಿಡು. ಹತ್ತು... ಹದಿನೈದು... ಇನ್ನು ಹನಿ ಹನಿ ಬಿಡು. ಹದಿನೆಂಟು. ಹತ್ತೊಂಬತ್ತು, ನಿಧಾನ ಮಾರಾಯ್ತಿ... ಇಪ್ಪತ್ತು. ಕೂಗು.

ಕೂಗು ಅಂದೆ. ಬಂತಾ?

ಎಂತ ಆತು ನಿಂಗೆ? ಬಣ್ಣ ಹೇಳು! ಇಪ್ಪತ್ತೊಂದು ದಾಟ್ತು. ಕಮಲಿ! ಬಾಯಲ್ಲಿ ಎಂತ ಕಡುಬು ಇಟ್ಕಂಡಿದ್ದೀಯಾ? ಇಪ್ಪತ್ತೆರಡು... ನಿಲ್ಸು! ನಿಲ್ಸು ಅಂದೆ!

ನೋಡಿದ್ಯಾ? ನೋಡಿದ್ಯಾ ಈಗ? ಮೀರಿ ಹೋತು! ಕಡು ಗುಲಾಬಿ ಆಗಿ ಕೂತಿದೆ! ತೆಳು ಗುಲಾಬಿಗೆ ನಿಲ್ಸ್ಬೇಕಾದ್ದು ಇದಾ? ಕುರುಡನಿಗೂ ಕಾಣ್ತದಲ್ಲೇ ಈ ಗುಲಾಬಿ! ಇದನ್ನೇ ನಾ ಹೇಳಿದ್ದು, ಇದನ್ನೇ! ಅಷ್ಟು ದೇಶದವರ ಎದುರು ಹೀಗೆ ಮಾಡಿದ್ರೆ ಎಂತ ಗತಿ? ಸಂಜೆ ಹೇಳ್ತೇನೆ ಹೆಡ್‌ಮಾಸ್ತರಿಗೆ, ಹುಡುಗಿ ತಯಾರಾಗಿಲ್ಲ, ನಾ ಕಣ್ಣಾರೆ ನೋಡಿದೆ...

ವಾದ ಮಾಡು! ಎಲ್ಲಿ ನೋಡ್ತೀ ಅಲ್ಲಿ?

ಕಪಾಟು. ಕಪಾಟಿನಲ್ಲಿ ಎಂತ ಇದೆ? ಫಿನಾಲ್ಫ್ಥಲೀನ್ ಬಾಟ್ಲಿ. ಇದೆ, ಕಪಾಟಿನ ಒಳಗೇ... ಬೀಗ ಹಾಕಿದೆ. ಬೀಗದ ಕೈ ನನ್ನ ಕಿಸೆಯಲ್ಲೇ...

ನಾ ಕೊಡ್ಲೇ ಇಲ್ಲ. ನೀನೂ ಕೇಳ್ಲಿಲ್ಲ. ಒಂದು ಹನಿಯೂ ಹಾಕ್ಲಿಲ್ಲ ನೀನು.

ಅದಿಲ್ದೆ ಬಣ್ಣ ಬರೂದಿಲ್ಲ. ಕೊಡಗಟ್ಟಲೆ ಕ್ಷಾರ ಸುರಿದ್ರೂ ಬರೂದಿಲ್ಲ. ನಾನೇ ಕಲಿಸಿದ್ದು. ಹಾಗಾದ್ರೆ ಇದು... ಕಮಲಿ, ಇದು ನೀರಿನ ಹಾಗೇ ಇದೆಯಾ? ಬರೀ ನೀರಿನ ಹಾಗೆ?

ಯಾವಾಗಿಂದ ಗೊತ್ತು ನಿಂಗೆ?

ಬೇಡ, ಹೇಳೂದು ಬೇಡ. ಹುಟ್ಟಿದಾಗಿನಿಂದ ಹೀಗೇ ತಂಗಿ. ಕೆಂಪು ದಾಸಾಳದ ಹೂವೂ ಅದರ ಹಸಿರು ಎಲೆಯೂ ನಂಗೆ ಒಂದೇ ಬಣ್ಣ. ಕಾಲೇಜಿನಲ್ಲಿ ಪಕ್ಕದ ಮೇಜಿನವ ಪಿಸುಪಿಸು ಹೇಳಿಕೊಟ್ಟು ದಾಟಿಸಿದ. ಇಲ್ಲಿಗೆ ಬಂದ ಮೇಲೆ ಕೂಗ್ಬೇಕು ಅಂತ ಶಿಸ್ತು ಮಾಡಿದೆ. ಮಕ್ಕಳು ಕೂಗಿದ್ವು, ನಾ ಬರ್ಕಂಡೆ. ಸಾಹೇಬರು ಬಂದು "ನೀವೇ ಒಂದು ಮಾಡಿ ತೋರಿಸಿ ಮಾಸ್ತರ್ರೇ" ಅಂದ್ರೆ ಎಂತ ಮಾಡ್ಲಿ? ಹೆದರಿಕೆ ಕಮಲಿ. ನೀ ಇದ್ರೆ ಬಣ್ಣ ನೀನೇ ಕೂಗ್ತಿದ್ದೆ. ಅದಕ್ಕೆ... ಬರೀ ಅದಕ್ಕೆ ನಿನ್ನ ಹೋಗ್ಬೇಡ ಅಂದೆ. ಚಳಿಯೂ ಇಲ್ಲ, ಮಣ್ಣೂ ಇಲ್ಲ.

ಚೀಲ ಹೆಗಲಿಗೆ ಹಾಕ್ಕಂಡ್ಯಾ? ಹೂಂ. ಹೋಗು. ತಯಾರಿದ್ದಾಳೆ ಅಂತ್ಲೇ ಹೇಳ್ತೇನೆ ಹೆಡ್‌ಮಾಸ್ತರಿಗೆ, ಆಣೆಗೂ ಹೇಳ್ತೇನೆ. ಭಟ್ಕಳದ ಹುಡುಗ ಅಲ್ಲ, ನೀನೇ ಹೋಗೂದು.

ನಿಲ್ಲು, ಒಂದು ಮಾತು. ನೀ ಇದನ್ನ ಯಾರಿಗೂ... ಅವ್ವನ ಹತ್ರ, ಮಂಜಿ ಹತ್ರ... ಹೇಳೂದಿಲ್ಲ, ಅಲ್ದಾ?

ಕಮಲಿ?

ತಲೆಯಾದ್ರೂ ಅಲ್ಲಾಡ್ಸು ಮಾರಾಯ್ತಿ.