ಬಸ್ ಸ್ಟ್ಯಾಂಡಿನ ಮುಂದೆ ಕಟ್ಟಿದ ಹಗ್ಗ

ಅಧ್ಯಕ್ಷ ಸ್ಥಾನದಲ್ಲಿ ಕುಳಿತಿರುವ ಡಾಕ್ಟರ್ ಸುಮಿತ್ರಾಬಾಯಿಯವರೇ, ಇಂದು ಸೇವೆಯಿಂದ ನಿವೃತ್ತರಾಗುತ್ತಿರುವ ನನ್ನ ಸ್ನೇಹಿತರಾದ ಗೈಬುಸಾಬರೇ, ಅವರ ಪಕ್ಕದಲ್ಲಿ ಹಾರದ ಭಾರಕ್ಕೆ ಕುತ್ತಿಗೆ ಬಗ್ಗಿಸಿಕೊಂಡು ಕುಳಿತಿರುವ ಅವರ ಮನೆಯವರಾದ ಅಮೀನಾಬಿ ತಂಗಿಯವರೇ, ದವಾಖಾನೆಯ ಸಿಬ್ಬಂದಿಯವರೇ, ಈ ಶಾಲೆಯ ಮಾಸ್ತರರೇ, ಅಕ್ಕಂದಿರೇ, ಅಣ್ಣಂದಿರೇ, ಸಭಿಕರೇ,

ಎಲ್ಲರೂ ಕ್ಷೇಮವಷ್ಟೇ? ಭಾಷಣದಲ್ಲಿ ಹೀಗೆ ಕೇಳುವ ಪದ್ಧತಿ ಇಲ್ಲವೆಂದು ನನಗೆ ಗೊತ್ತು. ಆದರೆ ನಾನು ಭಾಷಣ ಮಾಡಿದವನಲ್ಲ, ಬೀಗರು ಬಿಜ್ಜರಿಗೆ ಕಾಗದ ಬರೆದು ರೂಢಿಯಾದವನು. ಕ್ಷೇಮ ಕೇಳದೆ ನನ್ನ ಮಾತು ಮುಂದಕ್ಕೆ ಹೋಗುವುದಿಲ್ಲ. ಅಮೀನಾಬಿ ತಂಗಿ, ಕಣ್ಣಿನ ಪೊರೆ ತೆಗೆಸಿದ ಮೇಲೆ ಈಗ ಹೇಗಿದೆ? ಅಕ್ಕಿಯಲ್ಲಿನ ಕಲ್ಲು ಕಾಣಿಸುತ್ತದೆಯೇ? ಪರಪ್ಪ, ನಿನ್ನ ಮೊಣಕಾಲು? ಅಷ್ಟು ಹಿಂದೆ ಯಾಕೆ ನಿಂತಿದ್ದೀಯ, ಮುಂದೆ ಬೆಂಚು ಖಾಲಿ ಇದೆ, ಬಂದು ಕೂಡು. ಡಾಕ್ಟರ್ ಬಾಯಿಯವರೇ, ನಿಮ್ಮ ನೆಗಡಿ ಇನ್ನೂ ಹೋಗಿಲ್ಲ. ಊರಿಗೆಲ್ಲ ಔಷಧ ಕೊಡುವವರು ತಾವು ಮಾತ್ರ ತೆಗೆದುಕೊಳ್ಳುವುದಿಲ್ಲ. ನಾನು ಇವತ್ತು ಹೇಳಲಿರುವುದೂ ಹೆಚ್ಚುಕಡಿಮೆ ಅದೇ ವಿಷಯ.

ನನ್ನ ಪರಿಚಯ ಬಹಳ ಜನಕ್ಕೆ ಇದೆ. ಮಡಿವಾಳಪ್ಪ, ಮೂವತ್ತಮೂರು ವರ್ಷ ಸರಕಾರಿ ಕಚೇರಿಯಲ್ಲಿ ಪಟ್ಟೇವಾಲಾ. ಹೆಗಲ ಮೇಲೆ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆ ಬಿಲ್ಲೆ, ಸಾಹೇಬರ ಕೋಣೆಯ ಬಾಗಿಲಲ್ಲಿ ಒಂದು ಸ್ಟೂಲು. ನಾನು ಶಾಲೆ ಕಲಿತದ್ದು ಎರಡನೇ ಇಯತ್ತೆ. ಉಳಿದ ಅಕ್ಷರವನ್ನೆಲ್ಲ ಕಡತಗಳ ಬೆನ್ನ ಮೇಲೆ ಓದಿ ಕಲಿತೆ. ಆದ್ದರಿಂದ ನನ್ನ ಭಾಷೆಯಲ್ಲಿ ನಡುನಡುವೆ ‘ಸದರಿ’, ‘ಮೇಲ್ಕಂಡ’ ಬಂದರೆ ನಗಬೇಡಿ.

ಇದುವರೆಗೆ ಮಾತಾಡಿದವರೆಲ್ಲ ಗೈಬುಸಾಬರ ಗುಣ ಹಾಡಿದರು. ಯಾರು ಹಾಡುವುದಿಲ್ಲ? ಈ ಸಭೆಯಲ್ಲಿ ಕುಳಿತವರಲ್ಲಿ ಅವರ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳದ ತೋಳು ಯಾವುದಿದೆ? ಬಸ್ಸಿನ ಕಿಟಕಿಯಿಂದ ಅವರನ್ನು ನೋಡಿದ ಕೂಡಲೇ ಹಿಂದಿನ ಬಾಗಿಲಿನಿಂದ ಓಡಿ, ಜೋಳದ ಹೊಲ ಹೊಕ್ಕು, ಬಗಲಲ್ಲಿ ಕೋಳಿ ಹಿಡಿದುಕೊಂಡೇ ಸಂತೆಗೆ ಸುತ್ತು ಹಾಕಿ ಬಂದವರು ಎಷ್ಟು ಜನ? ಕೈ ಎತ್ತಬೇಡಿ, ನನಗೆ ಹೆಸರು ಗೊತ್ತಿದೆ.

ಆದರೆ ಡಾಕ್ಟರ್ ಬಾಯಿಯವರು ಈಗ ಮಾತಾಡುವಾಗ ಒಂದು ಮಾತು ಹೇಳಿದರು. ‘ಇಷ್ಟು ದೀರ್ಘ ಸೇವೆಯಲ್ಲಿ ಗೈಬುಸಾಬರಿಂದ ಒಂದೇ ಒಂದು ಸಲ ಅಲಕ್ಷ್ಯವಾಯಿತು, ಅದನ್ನು ನಾವು ಮರೆಯೋಣ’ ಎಂದರು. ಬಾಯಿಯವರು ಈ ಊರಿಗೆ ಬಂದು ಎರಡೇ ವರ್ಷ. ಸರ್ವಿಸ್ ಪುಸ್ತಕದಲ್ಲಿ ಬರೆದದ್ದನ್ನು ಓದಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ ಮಾತು ಕೇಳಿದಾಗ ಗೈಬುಸಾಬರು ತಲೆ ತಗ್ಗಿಸಿದ್ದನ್ನು ನಾನು ಇಲ್ಲಿಂದ ನೋಡಿದೆ. ಬರೆದುಕೊಂಡು ಬಂದ ಹೊಗಳಿಕೆಯ ಕಾಗದವನ್ನು ಆಗಲೇ ಮಡಚಿ ಕಿಸೆಯಲ್ಲಿ ಇಟ್ಟೆ. ಮರೆಯುವುದು ಬೇಡ, ಬಾಯಿಯವರೇ. ಇವತ್ತು ಅದನ್ನೇ ನೆನೆಯೋಣ.

ಎಪ್ಪತ್ತೊಂದನೇ ಇಸವಿಯ ಮಳೆಗಾಲ. ಆ ಕಡೆ ನದಿ ದಂಡೆಯ ಹಳ್ಳಿಗಳಲ್ಲಿ ಕಾಲರಾ ಬಿದ್ದಿತ್ತು. ಸಂತೆಗೆ ಬರುವವರಿಂದ ಊರಿಗೆ ಹತ್ತೀತೆಂದು ದವಾಖಾನೆಯವರು ಬಸ್ ಸ್ಟ್ಯಾಂಡಿನ ಮುಂದೆ ರಸ್ತೆಗೆ ಅಡ್ಡ ಒಂದು ಹಗ್ಗ ಕಟ್ಟಿದರು. ಹಗ್ಗದ ಈ ಕಡೆ ಒಂದು ಮೇಜು, ಸ್ಟವ್ವಿನ ಮೇಲೆ ಕುದಿಯುವ ಸೂಜಿಗಳು, ಒಂದು ದಪ್ಪ ಪುಸ್ತಕ, ಗೈಬುಸಾಬರು. ನಿಯಮ ಸರಳ: ಸೂಜಿ ಮಾಡಿಸಿಕೊಂಡ ಚೀಟಿ ತೋರಿಸಿದರೆ ಹಗ್ಗ ಇಳಿಯುತ್ತದೆ. ಚೀಟಿ ಇಲ್ಲದಿದ್ದರೆ ತೋಳು ಮೇಲೆ ಮಾಡಬೇಕು. ಎತ್ತಿನ ಗಾಡಿಯವನಿಗೂ ಅದೇ, ಅಡತಿ ಅಂಗಡಿಯ ಸಾಹುಕಾರನಿಗೂ ಅದೇ.

ನಮ್ಮ ಸಾಹೇಬರಿಗೆ? ಅವರ ಹೆಸರು ಹೇಳುವುದಿಲ್ಲ. ತೀರಿಕೊಂಡಿದ್ದಾರೆ. ಕೆಟ್ಟವರಲ್ಲ, ನನ್ನ ಮಗಳ ಮದುವೆಗೆ ಬಂದು ನೆಲದ ಮೇಲೆ ಕುಳಿತು ಊಟ ಮಾಡಿದ ಮನುಷ್ಯ. ಆದರೆ ಸೂಜಿ ಎಂದರೆ ಅವರ ಮುಖ ಬೆಳ್ಳಗಾಗುತ್ತಿತ್ತು. ಜಿಲ್ಲೆಯಿಂದ ಹುಕುಂ ಬಂತು, ನೌಕರರೆಲ್ಲ ಚೀಟಿ ಹಾಜರುಪಡಿಸಬೇಕೆಂದು. ಸಾಹೇಬರು ನನ್ನನ್ನು ಕರೆದು, ‘ಮಡಿವಾಳಪ್ಪ, ಇದೊಂದು ಏನಾದರೂ ನೋಡು’ ಎಂದರು. ಅಷ್ಟೇ ಅಂದರು.

ಸಭಿಕರೇ, ಪಟ್ಟೇವಾಲಾನ ಕೆಲಸ ಏನೆಂದು ತಿಳಿದಿದ್ದೀರಿ? ಸಾಹೇಬರ ಬದಲಿಗೆ ನಿಲ್ಲುವುದು. ಸೀಮೆಎಣ್ಣೆಯ ಪಾಳಿಯಲ್ಲಿ ಅವರ ಬದಲಿಗೆ ನಿಂತಿದ್ದೇನೆ. ಬಸ್ಸಿನ ಸೀಟಿನ ಮೇಲೆ ಅವರ ಬದಲಿಗೆ ಟವೆಲ್ಲು ಹಾಕಿ ಕುಳಿತಿದ್ದೇನೆ. ಹಾಗಿದ್ದ ಮೇಲೆ ಸೂಜಿಗೆ ಯಾಕೆ ನಿಲ್ಲಬಾರದು? ಹೋದೆ. ನನ್ನದು ಚುಚ್ಚಿಸಿಕೊಂಡೆ, ಚೀಟಿ ತೆಗೆದುಕೊಂಡೆ, ಮತ್ತೆ ಹಿಂದೆ ಹೋಗಿ ಪಾಳಿಯಲ್ಲಿ ನಿಂತೆ. ಗೈಬುಸಾಬರು ಮುಖ ಎತ್ತಿ ನೋಡಿದರು.

‘ಮಡಿವಾಳಪ್ಪಣ್ಣ, ನಿನಗ ಈಗರ ಹಾಕೀನಲ್ಲೋ?’

‘ಅದು ನಂದ್ರಿ. ಇದು ಸಾಹೇಬ್ರದು.’

‘ಅಂದ್ರ?’

‘ಬಲಗೈಗಿ ಹಾಕ್ರಿ. ಚೀಟಿ ಅವರ ಹೆಸರಿಗಿ ಬರೀರಿ. ಅವರ ಮನಿ ಅಕ್ಕಾಸಾಹೇಬ್ರದೂ ಒಂದು ಐತಿ, ಅದಕ್ಕ ನಾಳಿ ಬರ್ತೇನಿ.’

ಪಾಳಿಯಲ್ಲಿ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ನೀವು ಈಗ ನಗುತ್ತಿದ್ದೀರಲ್ಲ, ಹಾಗೆಯೇ. ಗೈಬುಸಾಬರು ನಗಲಿಲ್ಲ.

‘ಅಣ್ಣಾ, ಸಾಹೇಬ್ರಿಗಿ ವಾಂತಿ-ಭೇದಿ ಹತ್ತಿದ್ರ ಅದನ್ನೂ ನೀನ ಮಾಡ್ಕೋತಿ ಏನು?’

ನನಗೆ ಸಿಟ್ಟು ಬಂತು. ನಿಷ್ಠೆಯನ್ನು ಹೀಯಾಳಿಸಿದರೆಂದು ಸಿಟ್ಟು. ಮರುದಿನ ಸಾಹೇಬರ ಜೀಪು ಬಂದಾಗ ಗೈಬುಸಾಬರು ಹಗ್ಗ ಇಳಿಸದೆ, ಕೈ ಮುಗಿದು, ‘ಒಂದ ನಿಮಿಷದ ಕೆಲಸ ಐತ್ರೀ ಸಾಹೇಬ್ರ, ಇರಿವಿ ಕಡದಂಗ’ ಎಂದರು. ಸಾಹೇಬರು ಗಡಿಯಾರ ನೋಡಿದರು. ನಾನು ಜೀಪಿನಿಂದ ಹಾರಿ ಇಳಿದೆ, ನನ್ನ ಕೈಯಿಂದ ಹಗ್ಗ ಬಿಚ್ಚಿದೆ. ಜೀಪು ಹೋಯಿತು. ‘ಕಟ್ಟ್ಕೋರಿ ನಿಮ್ಮ ಹಗ್ಗ’ ಎಂದು ಅವರ ಮೇಜಿನ ಮೇಲೆ ಒಗೆದೆ.

ಕೆಲವರು ಕೇಳುತ್ತಾರೆ: ದೊಡ್ಡವರಿಗೆ ದೊಡ್ಡ ಕೆಲಸ ಇರುತ್ತದೆ, ಅವರೂ ಪಾಳಿಯಲ್ಲಿ ನಿಂತರೆ ಊರು ನಡೆಯುವುದು ಹೇಗೆ? ನ್ಯಾಯವಾದ ಪ್ರಶ್ನೆ. ಎಲ್ಲೋ ಬೆಂಕಿ ಬಿದ್ದು ಸಾಹೇಬರು ಓಡುತ್ತಿದ್ದರೆ ನಾನೇ ಹಗ್ಗ ಬಿಚ್ಚುತ್ತೇನೆ. ಆವತ್ತು ಬೆಂಕಿ ಬಿದ್ದಿರಲಿಲ್ಲ. ಸಾಹೇಬರು ಊಟಕ್ಕೆ ಹೊರಟಿದ್ದರು. ಮತ್ತೆ ಇನ್ನೊಂದು ಮಾತು. ಸಾಹೇಬರು ಹಗ್ಗ ದಾಟಿದರೆ ಅವರೊಬ್ಬರೇ ದಾಟುತ್ತಾರೆಯೇ? ಅವರ ಹಿಂದೆ ಅವರ ಡ್ರೈವರು ದಾಟುತ್ತಾನೆ. ಡ್ರೈವರನ ಹಿಂದೆ ಅವನ ಅಳಿಯ ದಾಟುತ್ತಾನೆ. ಆಮೇಲೆ ಪಟ್ಟೇವಾಲಾ. ಪಟ್ಟೇವಾಲಾನ ಹಿಂದೆ ಅವನ ಅವ್ವ.

ನನ್ನ ಅವ್ವ ಬಾಳಮ್ಮ ಆ ನದಿ ದಂಡೆಯ ಅಗರಖೇಡದಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಳು. ಆ ವಾರ ಸಂತೆಯ ದಿನ ನನ್ನಲ್ಲಿಗೆಂದು ಬಸ್ಸಿಗೆ ಬಂದಳು, ಕರೆತರಲು ನಾನು ಸ್ಟ್ಯಾಂಡಿಗೆ ಹೋಗಿದ್ದೆ. ಗಂಟಿನಲ್ಲಿ ಶೇಂಗಾ ಹೋಳಿಗೆ, ಬಾಯಲ್ಲಿ ಎಲೆ. ಹಾವು ಕಂಡರೆ ಕಸಬಾರಿಗೆ ಹಿಡಿದು ಓಡಿಸುವ ಹೆಂಗಸು, ಸೂಜಿ ನೋಡಿ ನನ್ನ ಬೆನ್ನ ಹಿಂದೆ ನಿಂತಳು.

‘ಏ ಮಡಿವಾಳ, ನಾ ಒಲ್ಲೆ. ಅದು ಮೂಳಿಗಿ ಹತ್ತತೈತಂತ.’

‘ಸುಮ್ನ ತೋಳು ಕೊಡಬೇ, ಎಲ್ಲಾರೂ ಮಾಡಿಸ್ಕೊಳ್ಳಾಕತ್ತಾರ.’

‘ಎಲ್ಲಾರಂಗ ನಾನೇನು? ನನ ಮಗನ ಹೆಗಲಿಗಿ ಸರಕಾರದ ಬಿಲ್ಲಿ ಐತಿ. ನಿನ್ನೆ ನಿಮ್ಮ ಸಾಹೇಬ ಹಂಗ ಹ್ವಾದನಂತ, ಬಸ್ಸಿನ್ಯಾಗ ಮಂದಿ ಮಾತಾಡಾಕತ್ತಿದ್ರು. ಹಗ್ಗ ನೀನ ಬಿಚ್ಚಿದಿಯಂತ. ಅವಗ ಬಿಚ್ಚಿದಾಂವ ಹಡದವ್ವಗ ಬಿಚ್ಚಂಗಿಲ್ಲೇನು?’

ನಾನು ಅವಳ ಗಂಟನ್ನು ನನ್ನ ಕೈಗೆ ತೆಗೆದುಕೊಂಡೆ.

ಗೈಬುಸಾಬರು ಎದ್ದು ಬಂದರು. ನಿನ್ನೆಯ ಸಿಟ್ಟು ಅವರ ಮುಖದ ಮೇಲೆ ಇರಲಿಲ್ಲ. ‘ಎವ್ವಾ, ಬರ್ರಿ, ನೆಳ್ಳಿಗಿ ಕೂಡ್ರಿ. ಮದಲ ನೀರು ಕುಡೀರಿ’ ಎಂದರು. ಆಗ ನಾನು, ಸಭಿಕರೇ, ನೆಟ್ಟಗೆ ನಿಂತು, ಬಿಲ್ಲೆ ಕಾಣುವಂತೆ ಎದೆ ಮುಂದೆ ಮಾಡಿ ಹೇಳಿದೆ: ‘ಅವ್ವಗ ಅಗರಖೇಡದಾಗ ಹಾಕಿಬಿಟ್ಟಾರ. ಚೀಟಿ ಅಲ್ಲೇ ಮರತು ಬಂದಾಳ. ನೀವು ಆಗೇತಿ ಅಂತ ಬರಕೋರಿ.’

‘ಖರೇ ಹೌದಲ್ಲೋ ಅಣ್ಣಾ?’

‘ನಾ ಸುಳ್ಳ ಹೇಳ್ತೇನೇನ್ರಿ?’

ಅವರು ನನ್ನ ಮುಖ ನೋಡಿದರು. ಪುಸ್ತಕದಲ್ಲಿ ಬರೆದುಕೊಂಡರು: ಬಾಳಮ್ಮ, ಅಗರಖೇಡ, ಆಗಿದೆ. ಹಗ್ಗ ಇಳಿಯಿತು. ಅವ್ವ ಮದುಮಗನ ತಾಯಿಯಂತೆ ತಲೆಯೆತ್ತಿ ದಾಟಿದಳು.

ಒಂಬತ್ತನೇ ದಿನ ಅವ್ವನಿಗೆ ಹತ್ತಿತು. ಬೆಳಿಗ್ಗೆ ಹತ್ತಿದ್ದು, ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಸೂಜಿ ಹಾಕಿದ್ದರೆ ಉಳಿಯುತ್ತಿದ್ದಳೇ? ಆಮೇಲೆ ಬಂದ ಒಬ್ಬ ಡಾಕ್ಟರರನ್ನು ನಾನು ಕೇಳಿದೆ. ‘ಹೇಳಲಾಗದು, ಹಾಕಿಸಿಕೊಂಡವರಿಗೂ ಒಮ್ಮೊಮ್ಮೆ ಬರುತ್ತದೆ’ ಎಂದರು. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವನ್ನೇ ಹೇಳಿದರೋ. ಇರಲಿ. ದೇವರು ಬಲ್ಲ ಮಾತನ್ನು ದೇವರಿಗೇ ಬಿಡುತ್ತೇನೆ. ಆದರೆ ನಾನು ಬಲ್ಲ ಮಾತು ಒಂದಿದೆ, ಅದನ್ನು ಯಾರ ಮೇಲೆ ಬಿಡಲಿ?

ಊರೊಳಗೆ ಒಂದು ಸಾವಾಯಿತೆಂದರೆ ವಿಚಾರಣೆ ಆಗಲೇಬೇಕು. ಪುಸ್ತಕದಲ್ಲಿ ‘ಆಗಿದೆ’ ಎಂದಿದೆ, ಅಗರಖೇಡದ ಪುಸ್ತಕದಲ್ಲಿ ಬಾಳಮ್ಮನ ಹೆಸರೇ ಇಲ್ಲ. ಸುಳ್ಳು ಬರೆದವರು ಯಾರು? ವಿಚಾರಣೆ ನಡೆದದ್ದು ನಮ್ಮ ಕಚೇರಿಯಲ್ಲಿ. ವಿಚಾರಿಸಿದವರು ನಮ್ಮ ಸಾಹೇಬರು, ಅದೇ ಹಗ್ಗ ದಾಟಿ ಊಟಕ್ಕೆ ಹೋದವರು. ಬಾಗಿಲಲ್ಲಿ ಸ್ಟೂಲಿನ ಮೇಲೆ ನಾನು. ನಡುವೆ ಒಂದು ಪರದೆ.

‘ಯಾರ ಮಾತಿನ ಮೇಲೆ ಬರೆದಿರಿ?’ ಎಂದು ಸಾಹೇಬರು ಕೇಳಿದರು.

ನಾನು ಕಾಯುತ್ತಿದ್ದೆ. ನನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ.

‘ಯಾರ ಮಾತಿಲ್ರಿ ಸಾಹೇಬ್ರ. ಚೀಟಿ ನೋಡದ ನಾನ ಬರದೆ. ತಪ್ಪು ನಂದ ಐತ್ರಿ’ ಎಂದರು ಗೈಬುಸಾಬರು.

ಹೊರಗೆ ಬಂದಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಅವ್ವಂದು ಭಾಳ ಕೆಟ್ಟ ಆತಪಾ ಅಣ್ಣಾ’ ಎಂದು ಮೆಟ್ಟಿಲು ಇಳಿದು ಹೋದರು. ಆಗಲಾದರೂ ನಾನು ಎದ್ದು ಪರದೆ ಸರಿಸಿ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಸುಳ್ಳು ಹೇಳಿದ್ದು ಗೊತ್ತಾದರೆ ಬಿಲ್ಲೆ ಹೋಗುತ್ತದೆ, ಹೆಂಡತಿ ಮಕ್ಕಳು ಏನು ತಿನ್ನಬೇಕು, ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ನಾನು ಮಾತಾಡಿದರೆ ಸಾಹೇಬರು ದಾಟಿದ್ದೂ ಕಡತಕ್ಕೆ ಏರುತ್ತಿತ್ತು. ಅವರ ಬದಲಿಗೆ ನಿಲ್ಲುವ ರೂಢಿ ನನ್ನ ಕಾಲಿನಿಂದ ಹೋಗಿರಲಿಲ್ಲ.

ಗೈಬುಸಾಬರನ್ನು ಮುದ್ದೇಬಿಹಾಳಕ್ಕೆ ಎತ್ತಿ ಹಾಕಿದರು. ಆರು ವರ್ಷ. ಅಮೀನಾಬಿ ತಂಗಿ ಇಲ್ಲಿ ಮೂರು ಮಕ್ಕಳನ್ನು ಒಬ್ಬರೇ ಸಾಕಿದರು. ಶನಿವಾರ ಸಂಜೆಯ ಬಸ್ಸಿಗೆ ಗೈಬುಸಾಬರು ಬರುತ್ತಿದ್ದರು, ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಶನಿವಾರ ಸಂಜೆ ನಾನು ಬಸ್ ಸ್ಟ್ಯಾಂಡಿನ ರಸ್ತೆಯನ್ನೇ ಬಿಟ್ಟೆ. ನನ್ನ ಹೆಂಡತಿ ಸುಂದರವ್ವ ಒಂದು ದಿನ ಕೇಳಿದಳು, ‘ಶನಿವಾರಕ್ಕೊಮ್ಮಿ ನಿಮಗ ಕೆರಿ ದಾರಿ ಯಾಕ ಬೇಕಾಗತೈತಿ?’ ಎಂದು. ಗಾಳಿ ಚಲೋ ಇರುತ್ತದೆ ಎಂದೆ. ಅವಳಿಗೂ ಇವತ್ತೇ ತಿಳಿಯುತ್ತಿದೆ. ಅಲ್ಲಿ ಹೆಂಗಸರ ಸಾಲಿನಲ್ಲಿ ಕುಳಿತಿದ್ದಾಳೆ. ಮನೆಗೆ ಹೋದ ಮೇಲೆ ನನಗಿದೆ.

ಡಾಕ್ಟರ್ ಬಾಯಿಯವರೇ, ಹೊಗಳಿಕೆಯ ಕಾಗದ ಕಿಸೆಗೆ ಹೋಯಿತು ಎಂದೆನಲ್ಲ, ಇನ್ನೊಂದು ಕಾಗದ ಕಿಸೆಯಿಂದ ಬಂದಿದೆ. ಮೂರು ವರ್ಷದ ಹಿಂದೆಯೇ ಬರೆದದ್ದು. ಒಪ್ಪಿಸುವ ಧೈರ್ಯವಾಗದೆ ಅಂದಿನಿಂದ ಕಿಸೆಯಲ್ಲೇ ಇತ್ತು. ‘ಸದರಿ ಬಾಳಮ್ಮಳ ವಿಷಯದಲ್ಲಿ ಸುಳ್ಳು ಹೇಳಿದವನು ಕೆಳಗೆ ಸಹಿ ಮಾಡಿದ ನಾನು, ಗೈಬುಸಾಬರಲ್ಲ’ ಎಂದು ಇದರಲ್ಲಿದೆ. ಇವರ ಸರ್ವಿಸ್ ಪುಸ್ತಕ ನಾಳೆ ಜಿಲ್ಲೆಗೆ ಹೋಗುತ್ತದೆಂದು ಕೇಳಿದ್ದೇನೆ. ದಯವಿಟ್ಟು ಇದನ್ನು ಅದರೊಳಗೆ ಹಚ್ಚಿ ಕಳಿಸಿ. ಹೋದ ಆರು ವರ್ಷ ಇದರಿಂದ ತಿರುಗಿ ಬರುವುದಿಲ್ಲ. ಆದರೆ ನಾಳೆ ಆ ಪುಸ್ತಕ ತೆರೆದವರು ಇವರನ್ನು ಅಲಕ್ಷ್ಯದ ಮನುಷ್ಯ ಎಂದು ಓದಬಾರದು. ನನ್ನ ಪೆನ್ಶನ್ನಿಗೆ ಏನಾದರೂ ಆಗುವುದಿದ್ದರೆ ಆಗಲಿ. ನಿಯಮ ನನಗೂ ಇದೆ.

ಗೈಬುಸಾಬರೇ, ನೀವು ಕುರ್ಚಿಯಿಂದ ಏಳಬೇಡಿ. ಕೈ ಅಲ್ಲಾಡಿಸಬೇಡಿ. ‘ಹೋಗ್ಲಿ ಬಿಡೋ ಅಣ್ಣಾ’ ಎನ್ನಬೇಡಿ. ಇಷ್ಟು ಜನರ ಎದುರಿಗೆ, ಕೊರಳಲ್ಲಿ ಹಾರ ಇರುವಾಗ, ನಿಮ್ಮಂಥವರು ಬೇರೇನು ಅಂದಾರು? ಅಂಥ ಕ್ಷಮೆ ನನಗೆ ಬೇಡ. ನಾಳೆ ನೀವು ದೇವರ ಹಿಪ್ಪರಗಿಗೆ ಮಗಳು ಮೆಹರಾಜಳ ಮನೆಗೆ ಹೋಗುವಿರಿ. ಅಲ್ಲಿ ಒಂದು ದಿನ ಬಿಡುವು ಮಾಡಿಕೊಂಡು, ಅಮೀನಾಬಿ ತಂಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಆ ಆರು ವರ್ಷದ ಸೋಮವಾರಗಳನ್ನೆಲ್ಲ ನೆನೆಸಿಕೊಂಡು, ಆಮೇಲೆ ನನಗೊಂದು ಕಾರ್ಡು ಬರೆಯಿರಿ. ಬೈದು ಬರೆದರೂ ಸರಿ. ತಂಗಿ ಬೈದು ಬರೆಸಿದರೂ ಸರಿ. ಮೆಹರಾಜಳ ಮಕ್ಕಳಿಗೆ ನನ್ನ ಆಶೀರ್ವಾದ ಹೇಳಿ.

ನನಗೆ ಮಾತಾಡಲು ಅವಕಾಶ ಕೊಟ್ಟ ಅಧ್ಯಕ್ಷರಿಗೂ, ಇಷ್ಟು ಹೊತ್ತು ಕುಳಿತು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ಗೈಬುಸಾಬರೇ, ನನಗೆ ಅರವತ್ತು ದಾಟಿದೆ. ಉತ್ತರ ತಡ ಮಾಡಬೇಡಿ. ನಮಸ್ಕಾರ.